ಮೊದಲು ಫೇಸ್ ನೋಡಿ, ಆಮೇಲೆ ಬಾಂಡ್

ಜಪಾನಿನಲ್ಲಿ ಗ್ಯಾರೇಜ್ ಕೆಲಸ ಮಾಡೋ ನಮ್ಮಂಥವರಿಗೆ ಊರಿಂದ ಬರೋ ಬೇಡಿಕೆ ಒಂದಿದೆ: "ಬರೋವಾಗ ಅಲ್ಲಿನ ಗಟ್ಟಿ ಬಾಂಡ್ ಒಂದು ಟ್ಯೂಬ್ ತಗೊಂಡು ಬಾ." ಹಳೇ ಎಂಜಿನ್ ಎಣ್ಣೆ ಸೋರೋದಕ್ಕೆ ಜಪಾನಿನ ಟ್ಯೂಬೇ ಮದ್ದು ಅಂತ ನಂಬಿಕೆ. ಬಾಂಡ್ ಇಲ್ಲಿ ಒಳ್ಳೇದೇ ಸಿಗುತ್ತೆ. 1955ರಲ್ಲಿ ಟೋಕಿಯೊದಲ್ಲಿ ಶುರುವಾದ ತ್ರೀಬಾಂಡ್ ಕಂಪನಿಯ ಮಾಲು ಯಾವ ಗ್ಯಾರೇಜಿನಲ್ಲೂ ಇರುತ್ತೆ. ಆದರೆ ಇಲ್ಲಿ ನಾನು ಕಲಿತದ್ದು ಬೇರೆ: ಟ್ಯೂಬ್ ಆರಿಸೋದು ಕೊನೇ ಕೆಲಸ.

ಇಲ್ಲಿ ಲಿಕ್ವಿಡ್ ಗ್ಯಾಸ್ಕೆಟ್‌ಗೆ ‘ಎಕಿಗಾಸು’ ಅಂತಾರೆ, ಎರಡು ಫೇಸ್ ಕೂಡೋ ಜಾಗಕ್ಕೆ ‘ಅವಾಸೆಮೆನ್’. ನಮ್ಮ ಸೆನ್‌ಪಾಯ್ ಮೊದಲು ಹಳೇ ಬಾಂಡನ್ನು ಪೂರ್ತಿ ಕೆರೆದು, ಪಾರ್ಟ್ಸ್ ಕ್ಲೀನರಿನಲ್ಲಿ ಜಿಡ್ಡು ತೆಗೀತಾರೆ. ಇದು ‘ದಶ್ಶಿ’. ಜಿಡ್ಡಿದ್ದರೆ ಯಾವ ಬಾಂಡೂ ಹಿಡಿಯಲ್ಲ. ಆಮೇಲೆ ಎಣ್ಣೆ ಹಾಕಿದ ಸಾಣೆಕಲ್ಲನ್ನು ಫೇಸಿನ ಮೇಲೆ ಹಗುರವಾಗಿ ಆಡಿಸ್ತಾರೆ. ಉಬ್ಬಿದ ಕಡೆ ಹೊಳೆಯುತ್ತೆ, ಗುಂಡಿ ಕಪ್ಪಾಗೇ ಉಳಿಯುತ್ತೆ. ಕೊನೆಗೆ ಸ್ಟ್ರೈಟ್ ಎಡ್ಜ್ ಇಟ್ಟು, ಕೆಳಗೆ ಫೀಲರ್ ಗೇಜ್ ತೂರಿಸಿ ಸಂದು ಎಷ್ಟು ಅಂತ ಅಳೀತಾರೆ. ಯಾವ ಬಾಂಡ್ ಅನ್ನೋದನ್ನ ಹೇಳೋದು ಆ ಸಂದು.

ಬಾಂಡಿನಲ್ಲಿ ಮುಖ್ಯವಾಗಿ ಮೂರು ಬಗೆ.

ಒಂದು, ದ್ರಾವಕ ಆರಿ ತೆಳು ಪದರ ಆಗೋದು. ಫೇಸ್ ಸಪಾಟಾಗಿದ್ದರೆ ಇದೇ ಸಾಕು. ಹಚ್ಚಿ ಸ್ವಲ್ಪ ಹೊತ್ತು ಆರಲು ಬಿಟ್ಟು ಕೂಡಿಸಬೇಕು. ಮುಂದೆ ಬಿಚ್ಚೋದೂ ಸುಲಭ.

ಎರಡು, ಸಿಲಿಕೋನ್. ಸ್ವಲ್ಪ ಸಂದಿದ್ದರೂ ತುಂಬುತ್ತೆ, ಆಯಿಲ್ ಸಂಪ್, ಚೈನ್ ಕವರ್‌ಗೆ ಸರಿ. ಇದು ಗಟ್ಟಿಯಾಗೋದು ಗಾಳಿಯ ತೇವದಿಂದ. ಮಳೆಗಾಲದ ಮೈಸೂರಲ್ಲಿ ಬೇಗ ಹಿಡಿಯೋದು ಇಲ್ಲಿನ ಜನವರಿಯ ಒಣ ಚಳಿಯಲ್ಲಿ ನಿಧಾನ. 24 ಗಂಟೆ ಬಿಡದೆ ಎಣ್ಣೆ ತುಂಬಬೇಡಿ. ಜಾಸ್ತಿ ಹಚ್ಚಿದರೆ ಒಳಗಡೆ ಹಿಂಡಿ ಬಂದದ್ದು ಕಳಚಿ ಆಯಿಲ್ ಸ್ಟ್ರೇನರ್‌ಗೆ ಕೂರುತ್ತೆ, ಎಣ್ಣೆ ಮೇಲೇರಲ್ಲ.

ಮೂರು, ಅನೆರೋಬಿಕ್. ಗಾಳಿ ಇಲ್ಲದ ಕಡೆ, ಲೋಹದ ನಡುವೆ ಮಾತ್ರ ಗಟ್ಟಿಯಾಗುತ್ತೆ. ಒಳಗೆ ಹಿಂಡಿ ಬಂದದ್ದು ದ್ರವವಾಗೇ ಉಳಿದು ಎಣ್ಣೆಯಲ್ಲಿ ಸೇರಿಹೋಗುತ್ತೆ. ಆದರೆ ಸಂದು ಕಾಲು ಮಿಲಿಮೀಟರ್ ದಾಟಿದರೆ ಇದನ್ನ ನಂಬೋಕಾಗಲ್ಲ.

ಈಗ ನಮ್ಮೂರ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ ಮೈಸೂರಲ್ಲಿ 1961ರಿಂದ 1996ರವರೆಗೆ ಗಾಡಿ ಮಾಡಿತು, ಅಲ್ಲಿ ನಮ್ಮ ಭಾವ ಇವತ್ತಿಗೂ ಯೆಜ್ಡಿ ರಿಪೇರಿ ಮಾಡ್ತಾರೆ. ಎಷ್ಟೋ ಕೈ ಬಿಚ್ಚಿದ ಎಂಜಿನ್‌ಗಳು. ಕ್ರ್ಯಾಂಕ್‌ಕೇಸ್ ಬಿಡಿಸೋಕೆ ಸ್ಕ್ರೂಡ್ರೈವರ್ ಹಾಕಿ ಮೀಟಿದ ಗಾಯ ಫೇಸ್ ಮೇಲೆ ಇದ್ದೇ ಇರುತ್ತೆ. ಟೂ ಸ್ಟ್ರೋಕಿನಲ್ಲಿ ಇದು ಬರೀ ಎಣ್ಣೆ ಸೋರೋ ವಿಷಯ ಅಲ್ಲ. ಪೆಟ್ರೋಲ್, ಎಣ್ಣೆ, ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸ್ ಒಳಗೇ ಹಾದುಹೋಗುತ್ತೆ. ಸಂದಿನಿಂದ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಹಿಡ್ಕೊಳ್ಳುತ್ತೆ. ನಂಜನಗೂಡು ರಸ್ತೆಯಲ್ಲಿ ಸ್ಪೀಡಲ್ಲಿ ಹೋಗ್ತಾ ಹಿಂದಿನ ಚಕ್ರ ನಿಂತುಬಿಟ್ಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಾಮಾನ್ಯ ಸಿಲಿಕೋನಿಗೆ ಪೆಟ್ರೋಲ್ ಆಗಿಬರಲ್ಲ, ಉಬ್ಬುತ್ತೆ. ಅದಕ್ಕೇ ಭಾವನಿಗೆ ಹೇಳಿದೆ: "ಗಾಯದ ಅಂಚನ್ನ ಕಲ್ಲಲ್ಲಿ ಇಳಿಸಿ, ಪೆಟ್ರೋಲ್ ತಡೆಯೋ ದ್ರಾವಕದ ಬಾಂಡ್ ತೆಳ್ಳಗೆ ಹಚ್ಚಿ. ಗಾಯ ಆಳವಾಗಿದ್ರೆ ವೆಲ್ಡಿಂಗ್ ಮಾಡಿಸಿ ಫೇಸ್ ಹೊಡೆಸಿ ಭಾವ, ಬಾಂಡಲ್ಲಿ ಮುಚ್ಚಬೇಡಿ." ಎಮೆರಿ ಪೇಪರಲ್ಲಿ ಇಡೀ ಕ್ರ್ಯಾಂಕ್‌ಕೇಸ್ ಉಜ್ಜೋದೂ ಬೇಡ, ಕ್ರ್ಯಾಂಕಿನ ಪಕ್ಕದ ಅಳತೆ ಕಮ್ಮಿಯಾಗುತ್ತೆ. ಸಿಲಿಂಡರ್ ಕೆಳಗಿನ ಪೇಪರ್ ಗ್ಯಾಸ್ಕೆಟ್ ಬಿಟ್ಟು ಬರೀ ಬಾಂಡ್ ಹಚ್ಚಿದರೂ ಅಳತೆ ತಪ್ಪುತ್ತೆ. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ಹೊಸದೇ ಹಾಕಬೇಕು.

ಟ್ಯೂಬ್ ಒಯ್ಯೋರಿಗೆ ಒಂದು ಮಾತು: ದ್ರಾವಕದ ಬಾಂಡ್ ಬೆಂಕಿ ಹತ್ತುವ ವಸ್ತು, ವಿಮಾನದ ಬ್ಯಾಗಿಗೆ ಹಾಕಬೇಡಿ. ಚೆನ್ನೈನ ಅನಾಬಾಂಡ್‌ನಂಥ ಕಂಪನಿಗಳ ಮಾಲು ನಮ್ಮಲ್ಲೂ ಸಿಗುತ್ತೆ.

ಇಲ್ಲಿ ಕೆಲಸಕ್ಕೆ ಹೊಸದಾಗಿ ಬಂದಿರೋ ತಮ್ಮಂದಿರಿಗೆ ಇನ್ನೊಂದು. ಫೇಸ್ ಹಾಳಾಗಿರೋದು ಕಂಡರೆ, ಭಾಷೆ ಬರಲ್ಲ ಅಂತ ಸುಮ್ಮನೆ ಬಾಂಡ್ ಬಳಿದು ಮುಚ್ಚಬೇಡಿ. "ಅವಾಸೆಮೆನ್ ನಿ ಕಿಜು ಗಾ ಅರಿಮಾಸ್", ಅಂದರೆ ಕೂಡೋ ಫೇಸಲ್ಲಿ ಗಾಯ ಇದೆ. ಇಷ್ಟು ಹೇಳಿ ಬೆರಳಿಟ್ಟು ತೋರಿಸಿದರೆ ಸಾಕು. ಮುಂದೇನು ಮಾಡಬೇಕು ಅಂತ ದೊಡ್ಡವರು ನೋಡ್ಕೋತಾರೆ, ನಿಮ್ಮ ಕಣ್ಣಿನ ಮೇಲೆ ಅವರಿಗೆ ನಂಬಿಕೆಯೂ ಬರುತ್ತೆ.