ಲೆಕ್ಕದ ಪುಸ್ತಕ ಎಲ್ಲಿಡಬೇಕು?

ನಮ್ಮ ತೀರ್ಥರೂಪರು ಮಿರಗದ ಮಳೆ ಹಿಡಿಯುವ ಮುಂಚೆ ಒಂದು ಕೆಲಸವನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಕಿರ್ದಿ, ಖತಾವಣಿ ಪುಸ್ತಕಗಳನ್ನೆಲ್ಲ ಮೇಣದ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುವರು. "ಸರಕು ನಮ್ಮದು, ಹೋದರೆ ಹೋಗಲಿ. ಪುಸ್ತಕ ನಾಲ್ಕು ಜನರದು" ಎನ್ನುವರು. ಆ ಮಾತಿನ ಅರ್ಥ ನಮಗೆ ತಿಳಿಯಲು ಅರವತ್ತು ವರ್ಷ ಬೇಕಾಯಿತು.

ಸಾಂಖಳಿ ಪೇಟೆ ವಾಳವಂಟಿ ನದಿಯ ದಂಡೆಯಲ್ಲಿದೆ. ಚೋರ್ಲಾ ಘಟ್ಟದ ಕಡೆ ದೊಡ್ಡ ಮಳೆಯಾದರೆ ಇಲ್ಲಿಯ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ. ಪೇಟೆಯ ನೀರನ್ನು ಎತ್ತಿ ನದಿಗೆ ಹಾಕಲು ಪಂಪುಗಳಿವೆ. ಆ ಧೈರ್ಯದ ಮೇಲೆ ನಾವು ಸ್ವಲ್ಪ ಮೈಮರೆತೆವು. 2021ರ ಜುಲೈ 23ರಂದು ಡಿಚೋಲಿ, ಸತ್ತರಿ ತಾಲೂಕುಗಳಲ್ಲಿ ಮಹಾಪೂರ ಬಂತು. ತಗ್ಗಿನಲ್ಲಿದ್ದ ನಮ್ಮ ಪಾತ್ರೆಯ ಗೋದಾಮಿಗೂ ನೀರು ನುಗ್ಗಿತು. ಸ್ಟೀಲು, ತಾಮ್ರದ ಪಾತ್ರೆಗಳಿಗೆ ಏನಾದೀತು? ತೊಳೆದು ಒರೆಸಿದೆವು. ಆದರೆ ಮೂಲೆಯ ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬಿಯಲ್ಲಿ ಕೆಸರು ತುಂಬಿತ್ತು. ಅದರಲ್ಲಿ ನಾಲ್ಕು ವರ್ಷದ ಲೆಕ್ಕವಿತ್ತು. ಅದರ ನಕಲು ಇಟ್ಟಿದ್ದ ಪೆನ್‌ಡ್ರೈವ್ ಅದೇ ಮೇಜಿನ ಖಾನೆಯಲ್ಲಿತ್ತು! ಊರಿಂದೂರಿಗೆ ತಿರುಗಿಸಿದರೂ ಆ ಯಂತ್ರ ಮಾತಾಡಲಿಲ್ಲ. ಪುಸ್ತಕವನ್ನು ಅಟ್ಟಕ್ಕೆ ಏರಿಸುವ ಮನೆತನದವರು ನಾವು. ಕಂಪ್ಯೂಟರನ್ನು ಏರಿಸಬೇಕೆಂದು ಹೊಳೆಯಲಿಲ್ಲ. ತಪ್ಪು ಮಳೆಯದಲ್ಲ, ನಮ್ಮದೇ.

ನಮಗೆ ಬರಬೇಕಾದ ಉದ್ರಿಯ ಬಗ್ಗೆ ಅಷ್ಟು ಚಿಂತೆಯಾಗಲಿಲ್ಲ. ಎಷ್ಟೋ ಗಿರಾಕಿಗಳು ತಾವಾಗಿಯೇ ಬಂದು, "ಶೇಟ್, ನಮ್ಮದು ಇಷ್ಟು ಬಾಕಿ ಇತ್ತು" ಎಂದು ಕೊಟ್ಟು ಹೋದರು. ಕಷ್ಟವಾದದ್ದು ನಾವು ಕೊಡಬೇಕಾದ ಲೆಕ್ಕದ್ದು. ಮಗಳ ಮದುವೆಯ ಪಾತ್ರೆಗೆಂದು ಕಂತು ಕಂತಾಗಿ ಮುಂಗಡ ಕಟ್ಟುತ್ತಿದ್ದ ಒಬ್ಬ ತಾಯಿ ಬಂದರು. ಚೀಟಿ ಅವರ ಮನೆಯಲ್ಲೂ ನೆನೆದು ಹೋಗಿತ್ತು. "ನಾಲ್ಕು ಸಾವಿರವೋ ಐದೋ, ನೆನಪಿಲ್ಲ ಶೇಟ್. ನಿಮ್ಮ ಪುಸ್ತಕದಲ್ಲಿ ಇರಬೇಕಲ್ಲ?" ಎಂದರು. ಪುಸ್ತಕ ಇಲ್ಲವೆಂದು ಹೇಳಲು ನಾಚಿಕೆಯಾಯಿತು. ಐದು ಎಂದೇ ಬರೆದುಕೊಂಡೆವು.

ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ನ್ಯಾಸಾಪಹಾರ ಒಂದು. ನಂಬಿ ಇಟ್ಟವನು ಮರೆತು ಕಡಿಮೆ ಕೇಳಿದರೆ, "ಹೌದು, ಅಷ್ಟೇ" ಎಂದು ಉಳಿದದ್ದನ್ನು ನುಂಗುವುದು. ಪ್ರವಚನದಲ್ಲಿ ಇದನ್ನು ಕೇಳಿ, ಇದು ನಮ್ಮಂಥವರಿಗಲ್ಲ ಎಂದುಕೊಂಡಿದ್ದೆವು. ಆ ತಾಯಿ ಬಂದರು, ಸರಿಹೋಯಿತು. ಬಾರದೇ ಉಳಿದವರು ಎಷ್ಟು ಜನವೋ! ಅವರ ಹಣ ಇಂದಿಗೂ ನಮ್ಮ ಗಲ್ಲೆಯಲ್ಲೇ ಇದ್ದರೆ ಅದು ನಮ್ಮದಲ್ಲ. ಬೇಕೆಂದು ಮಾಡಿದ್ದಲ್ಲ, ನಿಜ. ಆದರೆ ಅಜಾಗರೂಕತೆಗೂ ಫಲವಿದೆ.

ಆಗ ನಮ್ಮ ಮಗ ಹೇಳಿದ, "ಅಪ್ಪಾ, ಇನ್ನು ಮೇಲೆ ಲೆಕ್ಕವನ್ನು ಕ್ಲೌಡ್‌ನಲ್ಲಿ ಇಡೋಣ." ಕ್ಲೌಡ್ ಅಂದರೆ ಮೋಡವೆಂದು ಮೆಟ್ರಿಕ್ ಓದಿದ ನಮಗೂ ಗೊತ್ತು. ಮೋಡದಿಂದ ಬಂದ ನೀರೇ ಲೆಕ್ಕ ತೊಳೆದಿದೆ, ಮತ್ತೆ ಮೋಡದಲ್ಲೇ ಇಡುವುದೇ ಎಂದು ನಕ್ಕೆವು. ಅವನು ಕೂತು ವಿವರಿಸಿದ. ಅದು ಆಕಾಶದಲ್ಲಿಲ್ಲ. ಸಾವಿರಾರು ಕಂಪ್ಯೂಟರುಗಳನ್ನಿಟ್ಟ ದೊಡ್ಡ ದೊಡ್ಡ ಕಟ್ಟಡಗಳು ಅವು. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲೇ ಇಂಥ ಕೇಂದ್ರಗಳನ್ನು ತೆರೆದಿವೆ. ವ್ಯಾಪಾರಿ ಭಾಷೆಯಲ್ಲಿ ಹೇಳುವುದಾದರೆ ಬಾಡಿಗೆಯ ಗೋದಾಮು. ಸರಕು ನಮ್ಮದು, ಕಟ್ಟಡ ಬೇರೆಯವರದು, ಕೀಲಿ ನಮ್ಮ ಪಾಸ್‌ವರ್ಡ್. ಗೂಗಲ್ ಖಾತೆ ಇದ್ದವರಿಗೆ 15 ಜಿಬಿ ಜಾಗ ಬಾಡಿಗೆಯಿಲ್ಲದೆ ಸಿಗುತ್ತದೆ. ನಮ್ಮಂಥ ಅಂಗಡಿಯ ಉದ್ರಿ ಲೆಕ್ಕಕ್ಕೆ ಅದು ಧಾರಾಳ.

ಇನ್ನೊಂದು ಅನುಕೂಲವೂ ಆಯಿತು. ಮನೆಯಲ್ಲಿ ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಒಂದು ಬಿದ್ದಿತ್ತು. ಅದಕ್ಕೆ ಮಗ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿಕೊಟ್ಟ. 2022ರಲ್ಲಿ ಗೂಗಲ್ ಹೊರತಂದ ಇದಕ್ಕೆ ದುಡ್ಡಿಲ್ಲ. ಇದರಲ್ಲಿ ಬ್ರೌಸರ್ ಎಂಬ ಕಿಟಕಿಯೇ ಮುಖ್ಯ. ಬರೆಯುವುದು, ಕೂಡುವುದು, ಜಿಎಸ್‌ಟಿ ತುಂಬುವುದು ಎಲ್ಲ ಆ ಕಿಟಕಿಯಿಂದಲೇ. ಯಂತ್ರದೊಳಗೆ ಸಂಗ್ರಹ ಬಹಳ ಕಡಿಮೆ, ಆದ್ದರಿಂದ ಹಳೆಯದಾದರೂ ಚುರುಕಾಗಿ ನಡೆಯುತ್ತದೆ. ಯಂತ್ರಕ್ಕೂ ಪರಿಗ್ರಹ ಭಾರವೇ ಎಂದು ನಾವು ತಮಾಷೆ ಮಾಡಿದೆವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿದೆ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುಂಚೆ ಇದನ್ನೊಮ್ಮೆ ವಿಚಾರಿಸಬಹುದು. ಆದರೆ ಎರಡು ಎಚ್ಚರಿಕೆ: ಇದನ್ನು ಯಂತ್ರದಲ್ಲಿ ಕೂರಿಸುವಾಗ ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ನೆಟ್‌ವರ್ಕ್ ಇಲ್ಲದ ಹೊತ್ತಿಗೆಂದು ಬೇಕಾದ ಹಾಳೆಗಳನ್ನು ಮೊದಲೇ ಆಫ್‌ಲೈನ್ ಮಾಡಿಟ್ಟುಕೊಳ್ಳಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ.

ಹಾಗೆಂದು ಪರರ ಗೋದಾಮನ್ನೇ ನಂಬಿ ಕೂರುವುದೂ ಸರಿಯಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆಯೇ ಒಂದು ತಪ್ಪಿನಿಂದ ಅಳಿಸಿಹೋಯಿತು. ಬೇರೆ ಕಂಪನಿಯಲ್ಲೂ ನಕಲು ಇಟ್ಟಿದ್ದರು, ಉಳಿದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದರ ನಕಲು ಬೇರೆಲ್ಲೂ ಇರಲಿಲ್ಲ. ಅಷ್ಟು ದೊಡ್ಡ ಸರ್ಕಾರಕ್ಕೂ ನಮ್ಮ ಗೋದಾಮಿನ ಗತಿಯೇ ಆಯಿತು.

ಈ ಪಾಠ ನಮ್ಮ ಸಮಾಜಕ್ಕೆ ಹೊಸದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಧವಲಾದಿ ಸಿದ್ಧಾಂತ ಗ್ರಂಥಗಳು ಶತಮಾನಗಳ ಕಾಲ ಮೂಡಬಿದಿರೆಯ ತಾಳೆಗರಿಗಳಲ್ಲಷ್ಟೇ ಉಳಿದಿದ್ದವು. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಅಚ್ಚಾಗಿ ಇಂದು ಎಲ್ಲರ ಕೈಗೆ ಸಿಗುತ್ತಿವೆ. ಸಾಂಖಳಿಯ ಹತ್ತಿರದ ಕುಡ್ಣೆಯ ಜಿನಾಲಯ ಕಲ್ಲಿನದಾಗಿದ್ದರೂ ಪಾಳು ಬಿದ್ದಿದೆ. ಗರಿಯ ಮೇಲಿನ ಅಕ್ಷರ ಪ್ರತಿಯಾದದ್ದರಿಂದ ಉಳಿದಿದೆ.

ಈಗ ನಮ್ಮ ಲೆಕ್ಕ ಮೂರು ಕಡೆ ಇದೆ. ಒಂದು ಕ್ಲೌಡ್‌ನಲ್ಲಿ. ಇನ್ನೊಂದು ತಿಂಗಳಿಗೊಮ್ಮೆ ಬೆಳಗಾವಿಯ ಮಗಳ ಮನೆಗೆ ಹೋಗುವ ಹಾರ್ಡ್‌ಡಿಸ್ಕ್‌ನಲ್ಲಿ. ಮೂರನೆಯದು ಕಾಗದದ ಮೇಲೆ: ಕೊಡಬೇಕಾದ ಹಣದ ಯಾದಿಯನ್ನು ಪ್ರತಿ ಅಮಾವಾಸ್ಯೆಗೆ ಅಚ್ಚು ಹಾಕಿಸಿ ಅಟ್ಟದಲ್ಲಿ ಇಡುತ್ತೇವೆ. ಜಿಎಸ್‌ಟಿ ಕಾನೂನೂ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು, ಅಪಘಾತ ಇಲ್ಲವೆ ಪ್ರಕೃತಿ ವಿಕೋಪದಲ್ಲಿ ನಾಶವಾದರೆ ಮರಳಿ ಪಡೆಯುವಂತೆ ನಕಲು ಇಡಬೇಕು ಎನ್ನುತ್ತದೆ. ಪಾಸ್‌ವರ್ಡನ್ನು ಮನೆಯವರಿಗೂ ಮಗನಿಗೂ ತಿಳಿಸಿದ್ದೇವೆ. ಗೂಗಲ್ ಖಾತೆ ಬಹುಕಾಲ ತೆರೆಯದೆ ಬಿದ್ದರೆ ಯಾರಿಗೆ ಸುದ್ದಿ ಹೋಗಬೇಕೆಂದು ಮೊದಲೇ ಬರೆದಿಡುವ ಸೌಕರ್ಯವಿದೆ. ಅದನ್ನೂ ಮಾಡಿದ್ದೇವೆ. ನಾವು ಹೋದ ಮೇಲೆ ಕೀಲಿ ಹುಡುಕುತ್ತ ಮಕ್ಕಳು ಕೂರಬಾರದು, ಇಟ್ಟವರ ಹಣ ಮುಳುಗಬಾರದು.

ವ್ಯಾಪಾರಿ ಬಂಧುಗಳೇ, ಈ ಅಂಕಣ ಓದಿ ಮುಗಿಸಿದ ಮೇಲೆ ಎದ್ದು ಒಮ್ಮೆ ನೋಡಿ: ನಿಮ್ಮ ಲೆಕ್ಕದ ನಕಲು ಅದೇ ಮೇಜಿನ ಖಾನೆಯಲ್ಲಿದೆಯೇ? ಇದ್ದರೆ ಇಂದೇ ಬೇರೆ ಕಡೆ ಇಡಿ.

ಜೈ ಜಿನೇಂದ್ರ.