ಉಂಡದ್ದು ಮೈಗೆ ಹತ್ತಲಿ

ನನ್ನ ಮಗಳಿಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ‘ಬಿಸಿಲಾಗ ದುಡಿಯೋ ಮಂದಿ ಕೂಸಲ್ಲೇನು, ಉಪ್ಪು ಇರತೈತಿ ಬಿಡು’ ಎಂದು ನನ್ನವ್ವ ನಗುತ್ತಿದ್ದಳು. ರಾಯಚೂರು ಸೀಮೆಯ ಬಿಸಿಲಿನಲ್ಲಿ ಉಪ್ಪಾಗದ ಮೈ ಯಾವುದು? ನಾವ್ಯಾರೂ ಅದನ್ನು ರೋಗವೆಂದು ತಿಳಿಯಲಿಲ್ಲ.

2013ರಲ್ಲಿ ಹುಟ್ಟಿದ ಕೂಸು. ಬಕಾಸುರನ ಹಸಿವು. ಎಷ್ಟು ಉಣಿಸಿದರೂ ಎಲುಬು ಎಲುಬು, ಹೊಟ್ಟೆ ಮಾತ್ರ ಡೊಳ್ಳು. ಜಿಡ್ಡು ತೇಲುವ, ಕೆಟ್ಟ ನಾತದ ಭೇದಿ. ಬಿಡದ ಕೆಮ್ಮು. ಅಂಗನವಾಡಿಯಲ್ಲಿ ತೂಗಿದಾಗಲೆಲ್ಲ ಚುಕ್ಕಿ ಕೆಳಗಿನ ಪಟ್ಟಿಗೇ ಬೀಳುತ್ತಿತ್ತು. ಒಬ್ಬ ಡಾಕ್ಟರು ನಮ್ಮ ಕೇರಿ ಯಾವುದೆಂದು ಕೇಳಿ ತಿಳಿದುಕೊಂಡು, ‘ಹಡಿಯೂದು ಗೊತ್ತೈತಿ, ಕೂಳು ಹಾಕೂದು ಗೊತ್ತಿಲ್ಲ ನಿಮಗ’ ಅಂದರು. ಚೀಟಿಯಲ್ಲಿ ‘ಅಪೌಷ್ಟಿಕತೆ’ ಎಂದು ಬರೆದರು. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಅವತ್ತು ತಲೆ ತಗ್ಗಿಸಿ ಬಂದೆ. ನನ್ನ ಹೆಂಡತಿ ತನ್ನ ಪಾಲಿನ ರೊಟ್ಟಿಯನ್ನೂ ಕೂಸಿನ ಬಾಯಿಗೆ ಇಡುವಾಕಿ. ಅವಳೇ ಅಪರಾಧಿಯಾದಳು.

ಎರಡು ವರ್ಷದ ಮೇಲೆ ದೂರದ ದೊಡ್ಡಾಸ್ಪತ್ರೆಯಲ್ಲಿ ಬೆವರು ತೆಗೆದು ಅದರ ಉಪ್ಪು ಅಳೆದರು. ಸಿಸ್ಟಿಕ್ ಫೈಬ್ರೋಸಿಸ್ ಅಂದರು. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನು ಬಂದರೆ ಆಗುವಂಥದ್ದು. ಮೈಯೊಳಗಿನ ಲೋಳೆ ಅಂಟಾಗಿ ಗಟ್ಟಿಯಾಗುತ್ತದೆ. ಮೇದೋಜೀರಕದ ನಾಳ ಕಟ್ಟಿಕೊಂಡು ಜೀರ್ಣರಸ ಕರುಳಿಗೆ ಇಳಿಯುವುದಿಲ್ಲ. ಉಂಡ ಜಿಡ್ಡು ಉಂಡ ಹಾಗೇ ಹೊರಗೆ. ಮೇಲೆ ಶ್ವಾಸಕೋಶದ ಸೋಂಕು ಇದ್ದಬದ್ದ ಶಕ್ತಿಯನ್ನೂ ಸುಡುತ್ತದೆ. ಇದು ಬಿಳಿಯರ ರೋಗವೆಂದೇ ನಮ್ಮಲ್ಲಿ ಬಹುಕಾಲ ನಂಬಿದ್ದರು. ನಮ್ಮ ಎಷ್ಟು ಕೂಸುಗಳ ಸಾವು ಹಸಿವಿನ ಲೆಕ್ಕಕ್ಕೋ ಕ್ಷಯದ ಲೆಕ್ಕಕ್ಕೋ ಜಮಾ ಆಗಿರಬೇಕು!

ಒಂದು ಕಾಲಕ್ಕೆ ಅಮೆರಿಕದ ಬೋಸ್ಟನ್ನಿನಲ್ಲಿ ಈ ರೋಗಿಗಳಿಗೆ ಜಿಡ್ಡು ಕಡಿಮೆ ಮಾಡಿಸುತ್ತಿದ್ದರು. ಕೆನಡಾದ ಟೊರಾಂಟೊದವರು ಧಾರಾಳ ಜಿಡ್ಡು ಉಣಿಸಿ, ಅದನ್ನು ಅರಗಿಸುವ ಕಿಣ್ವವನ್ನೂ ಹೆಚ್ಚಿಗೆ ಕೊಟ್ಟರು. 1988ರಲ್ಲಿ ಎರಡನ್ನೂ ಹೋಲಿಸಿದ ವರದಿ ಬಂತು. ಬೋಸ್ಟನ್ನಿನವರ ನಡುಮಟ್ಟದ ಆಯುಷ್ಯ 21, ಟೊರಾಂಟೊದವರದು 30. ಗೆಳೆಯರೇ, ಈ ರೋಗದಲ್ಲಿ ತೂಕವೆಂದರೆ ಚೆಲುವಲ್ಲ, ಉಸಿರು.

ಹಾಗಾಗಿ ನಮ್ಮ ಮನೆಯಲ್ಲಿ ಶೇಂಗಾ, ಎಳ್ಳು, ತತ್ತಿ, ಹಾಲು. ರೊಕ್ಕ ಇದ್ದಾಗ ತುಪ್ಪ. ಬೇಸಿಗೆಯಲ್ಲಿ ಮಜ್ಜಿಗೆಗೆ ಹೆಚ್ಚಿನ ಉಪ್ಪು. ಪ್ರತಿ ಊಟದ ಜೊತೆ ಕಿಣ್ವದ ಗುಳಿಗೆ.

ಆ ಗುಳಿಗೆಯೊಳಗಿನದು ಹಂದಿಯ ಮೇದೋಜೀರಕದಿಂದ ತೆಗೆದದ್ದು. ನಮ್ಮಪ್ಪ ಹಂದಿ ಸಾಕುತ್ತಿದ್ದ. ಅದನ್ನೇ ನೆಪ ಮಾಡಿ ಊರವರು ಅವನನ್ನು ಬಾವಿಯ ಹತ್ತಿರ ಬರಗೊಡಲಿಲ್ಲ. ಇವತ್ತು ಅವನ ಮೊಮ್ಮಗಳ ಮೈಗೆ ಅನ್ನ ಹತ್ತಿಸುತ್ತಿರುವುದು ಅದೇ ಹಂದಿ. ಶಾಲೆಯಲ್ಲಿ ನನ್ನ ಜೊತೆಯ ಮಾಸ್ತರೊಬ್ಬರು ‘ಹಂದೀದಾ?’ ಅಂದು ಕೈ ತೊಳೆದುಕೊಂಡರು. ‘ಯಾವ ಜಾತ್ಯಾಗ ಹುಟ್ಟಿದ ಕೂಸಿಗೂ ಇದೇ ಗುಳಿಗಿರಿ ಸರ’ ಅಂದೆ.

2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಏಳು ಜಿಲ್ಲೆಗಳ ಶಾಲೆಗಳಿಗೆ ತತ್ತಿ ಬಂತು. ಕೆಲವು ಮಠಗಳ ಸ್ವಾಮಿಗಳು ಬೇಡವೆಂದರು. ಗಂಗಾವತಿಯ ಹುಡುಗಿಯರು ಬೇಕೇ ಬೇಕೆಂದು ಗಟ್ಟಿಯಾಗಿ ಕೇಳಿದರು. ನನ್ನ ಮಗಳು ಎಲ್ಲರ ಸಾಲಿನಲ್ಲಿ ಕೂತು, ಗುಳಿಗೆ ನುಂಗಿ, ತತ್ತಿ ತಿಂದಳು. ಅವತ್ತು ಅಡುಗೆಯ ಅಕ್ಕ ಕಣ್ಣೊರೆಸಿಕೊಂಡಿದ್ದು ನಾನು ನೋಡಿದೆ.

ಕೆಟ್ಟ ಜೀನಿನ ಕೆಲಸವನ್ನೇ ತಿದ್ದುವ ಮೂರು ಔಷಧಿಗಳ ಮಾತ್ರೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ನುಂಗಿದ ಬಹಳ ಮಂದಿಯ ಉಸಿರೂ ತೂಕವೂ ಏರಿವೆ. ಮಾಸ್ತರನ ಸಂಬಳಕ್ಕೆ ನಿಲುಕುವ ಬೆಲೆಯಲ್ಲ ಅದು. ಮದ್ದು ಇದ್ದೂ ಸಿಗದಿರುವುದು ಯಾವ ಜೀನಿನ ದೋಷ?

ಹಳ್ಳಿ ಶಾಲೆಯ ಗೆಳೆಯರಲ್ಲಿ ಒಂದು ಮಾತು. ಎಷ್ಟು ಉಂಡರೂ ಬಡಕಲಾಗಿರುವ ಕೂಸು ಕಂಡರೆ ಅದರ ಅವ್ವನನ್ನು ಬೈಯಬೇಡಿ. ಕೆಮ್ಮು ಕೇಳಿ, ಭೇದಿ ಕೇಳಿ, ಬೆವರು ಉಪ್ಪೇ ಎಂದು ಕೇಳಿ. ದೊಡ್ಡಾಸ್ಪತ್ರೆಗೆ ಕಳಿಸಿ.

ಪ್ರತಿ ತಿಂಗಳು ಮಗಳನ್ನು ತೂಗುತ್ತೇನೆ. ಹೋದ ಸಲ ಅರ್ಧ ಕಿಲೋ ಏರಿತ್ತು. ‘ಅಪ್ಪಾ, ಆ ಡಾಕ್ಟರಿಗೆ ಹೇಳು’ ಅಂದಳು.