ಯಾವ ನೀರಿನ ದೋಷ?

ಸಾಂಗ್ಲಿ ಸೀಮೆಯಲ್ಲಿ ಕನ್ನಡ ಕೇಳಬೇಕೆನಿಸಿದರೆ ಮಿರಜಿನ ಆಸ್ಪತ್ರೆಗಳ ಅಂಗಳಕ್ಕೆ ಹೋದರಾಯಿತು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದಂದಿನಿಂದ ಅಥಣಿ, ಜಮಖಂಡಿ, ವಿಜಯಪುರದ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜವೇ. ಈಗ ಆ ಸಾಲಿನಲ್ಲಿ ಮಕ್ಕಳಾಗದ ದಂಪತಿಗಳೂ ಇದ್ದಾರೆ. ಸಾಂಗ್ಲಿಯ ಬ್ಯಾಂಕೊಂದರಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವ ನನಗೆ ಅವರ ಗುರುತು ಬೇಗ ಹತ್ತುತ್ತದೆ. ನಾನೂ ಐದು ವರ್ಷ ಆ ಸಾಲಿನಲ್ಲಿ ನಿಂತವಳು.

ಜತ್ತ ತಾಲೂಕಿನ ಒಬ್ಬಾಕೆ ಬಳೆಗಳನ್ನು ತೂಕಕ್ಕೆ ಕೊಡುತ್ತಾ, "ಅಕ್ಕಾರ, ಫಾರಿನ್ನಿನ್ಯಾಗ ಒಮ್ಮೆಗೇ ಫಲ ಸಿಗತೈತಂತ. ನಮ್ಮ ಮಂದಿಗೆ ಯಾಕ ಸಿಗವಲ್ದು?" ಎಂದಳು. ಕಾಸರಗೋಡಿನ ನನ್ನ ಕನ್ನಡ ಕೇಳಿ ಎಂದೂ ನಗುವವಳು ಅಂದು ನಗಲಿಲ್ಲ.

ಫಾರಿನ್ನಿನಲ್ಲೂ ಎಲ್ಲರಿಗೂ ಒಂದೇ ಫಲವಿಲ್ಲ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಂತೆ, 30ರಿಂದ 34ರ ವಯಸ್ಸಿನಲ್ಲಿ ಗರ್ಭಕ್ಕೆ ಸೇರಿಸಿದ ನೂರು ಭ್ರೂಣಗಳಲ್ಲಿ ಬಿಳಿಯ ಹೆಂಗಸರಿಗೆ 30 ಹೆರಿಗೆಯಾದರೆ ಕರಿಯ ಹೆಂಗಸರಿಗೆ 23. ಚಿಕಿತ್ಸೆಗೆ ಬಂದ ಸ್ಪೇನಿನವರನ್ನೂ ಭಾರತೀಯರನ್ನೂ ಹೋಲಿಸಿದ 2014ರ ಒಂದು ಅಧ್ಯಯನವಂತೂ ನಮ್ಮವರ ಅಂಡಾಶಯಕ್ಕೆ ಸುಮಾರು ಆರು ವರ್ಷ ಮೊದಲೇ ಮುಪ್ಪು ಬರುತ್ತದೆಂದಿತು. ಇದನ್ನು ಆಕೆಗೆ ಹೇಗೆ ಹೇಳುವುದು? ಹಣೆಬರಹವೆಂದು ಕೇಳಿಸಿಕೊಂಡಾಳು.

ಜನಾಂಗದ ಈ ಮಾತು ನನ್ನ ಮನೆಯಲ್ಲೂ ನಡೆದಿತ್ತೆನ್ನಿ. ಅತ್ತೆಯವರು ಕೇರಳದ ನೀರಿನ ದೋಷವೆಂದರು. ತವರಿನವರು ಕೃಷ್ಣಾ ನದಿಯ ನೀರು ಒಗ್ಗಲಿಲ್ಲವೆಂದರು. ಎರಡು ನೀರಿನ ನಡುವೆ ಯಜಮಾನರ ಪರೀಕ್ಷೆ ಎರಡು ವರ್ಷ ತಡವಾಯಿತು. ಅವರಲ್ಲಿ ದೋಷವೇನೂ ಇರಲಿಲ್ಲ.

"ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ?" ಎಂದು ಕೇಳಿದ್ದು ವಯಸ್ಸಾದ ಒಬ್ಬ ಡಾಕ್ಟರಮ್ಮ. ನನಗೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ಚಾಪೆಯ ಬದಿಯಲ್ಲಿ ಮಲಗುತ್ತಿದ್ದೆ, ಅಷ್ಟೇ, ಅಜ್ಜ ಕೆಮ್ಮುತ್ತಿದ್ದರು. ಕ್ಷಯದ ರೋಗಾಣು ಶ್ವಾಸಕೋಶದಿಂದ ರಕ್ತದ ಮೂಲಕ ಗರ್ಭನಾಳಕ್ಕಿಳಿದು ವರ್ಷಗಟ್ಟಲೆ ಸದ್ದಿಲ್ಲದೆ ಕೂರಬಲ್ಲುದು. ನಾಳ ಮುಚ್ಚಿದ ಮೇಲೆಯೇ ಗೊತ್ತಾಗುವುದು. ಪಶ್ಚಿಮದ ದೇಶಗಳಲ್ಲಿ ಇದು ಅಪರೂಪ, ನಮ್ಮಲ್ಲಿ ಬಂಜೆತನದ ಸಾಮಾನ್ಯ ಕಾರಣಗಳಲ್ಲೊಂದು. ನಾಳ ಮುಚ್ಚಿದ್ದರೂ ಪ್ರಣಾಳ ಶಿಶುವಿಗೆ ಅಡ್ಡಿಯಿಲ್ಲ. ಗರ್ಭಕೋಶದ ಒಳಪದರವೂ ಕೆಟ್ಟಿದ್ದರೆ ಭ್ರೂಣಕ್ಕೆ ನೆಲೆ ಸಿಗದು. ಸಾಂಗ್ಲಿ ಮಿರಜ ನಡುವಿನ ವಾನ್ಲೆಸ್‌ವಾಡಿಯ ಕ್ಷಯರೋಗಧಾಮದ ಹೆಸರು ಕೇಳಿದಾಗಲೆಲ್ಲ ಅದು ಕೆಮ್ಮುವವರಿಗೆ ಮಾತ್ರ ಎಂದುಕೊಂಡಿದ್ದವಳು ನಾನು. ಕೆಮ್ಮದವರ ಹೊಟ್ಟೆಯಲ್ಲಿ ಅದೇ ಕಾಯಿಲೆ! ಇದರಲ್ಲಿ ಜನಾಂಗದ ಪಾಲೆಷ್ಟು, ಇಕ್ಕಟ್ಟಾದ ಮನೆಯ ಪಾಲೆಷ್ಟು, ತಡವಾಗಿ ಬಂದುದರ ಪಾಲೆಷ್ಟು? ಅಂಕಿಗಳ ಕಾಗದದಲ್ಲಿ ಎಲ್ಲವೂ "ಭಾರತೀಯ" ಎಂಬ ಒಂದೇ ಕಲಮಿನಲ್ಲಿ ಸೇರಿಬಿಡುತ್ತವೆ.

ಜತ್ತದಾಕೆಗೆ ಕ್ಷಯದ ಪರೀಕ್ಷೆಯನ್ನೂ ಗಂಡನ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಲು ಹೇಳಿದೆ. ಮೊದಲನೆಯದಕ್ಕೆ ತಲೆಯಾಡಿಸಿದಳು.

ಆರು ತಿಂಗಳ ಗುಳಿಗೆ ಮುಗಿಯುವಾಗ ನನಗೆ 38. ಮದ್ದು ರೋಗಾಣುವನ್ನು ಕೊಂದಿತು, ಕಲೆಯನ್ನು ಅಳಿಸಲಿಲ್ಲ. ಎರಡು ಸಲ ಭ್ರೂಣ ಇಟ್ಟರು, ಎರಡು ಸಲವೂ ನಿಲ್ಲಲಿಲ್ಲ. ಅದಕ್ಕೆಂದು ಅಡವಿಟ್ಟ ನನ್ನ ಸರವನ್ನು ಬಿಡಿಸಿಕೊಂಡದ್ದು ಹೋದ ಶ್ರಾವಣದಲ್ಲಿ.